ಮೊದಲ ಐತಿಹಾಸಿಕ ಕಾದಂಬರಿಯ ಹಿಂದಿನ ಬಳಗ: ಹರಿ ನಾರಾಯಣ ಆಪಟೆ

1

ಕನ್ನಡದ ಐತಿಹಾಸಿಕ ಕಾದಂಬರಿಯ ಉಗಮವನ್ನು ತರಗತಿಯಲ್ಲಿ ವಿವರಿಸುವಾಗ ಗಳಗನಾಥರ ಹೆಸರಿನ ಬೆನ್ನಿಗೇ ಹರಿ ನಾರಾಯಣ ಆಪಟೆಯವರ ಹೆಸರನ್ನು ಒಮ್ಮೆ ಉಚ್ಚರಿಸಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಆಪಟೆಯವರು ಮರಾಠಿಯ ಕಾದಂಬರಿಕಾರರು, ಗಳಗನಾಥರು ಅವರ ಕೃತಿಗಳನ್ನು ಕನ್ನಡಕ್ಕೆ ತಂದರು ಎಂಬಷ್ಟಕ್ಕೆ ನಮ್ಮ ಸಾಹಿತ್ಯ ಚರಿತ್ರೆಯ ಪುಟ ಮುಗಿಯುತ್ತದೆ. ಕನ್ನಡ ನಾಡಿನೊಳಗೆ ಕುಳಿತು ಓದುವವರಿಗೆ ಇಷ್ಟು ಸಾಕೆನಿಸಬಹುದು. ಮಹಾರಾಷ್ಟ್ರದ ನೆಲದಲ್ಲಿ ಕನ್ನಡವನ್ನು ಕಲಿಸುವ, ಕಲಿಯುವ ನಮ್ಮಂಥವರಿಗೆ ಇದು ಸಾಲದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದವರು. ಆಪಟೆಯವರನ್ನು ಮೂಲದಲ್ಲಿಯೇ ಓದಬಲ್ಲವರು. ಅವರು ಒಮ್ಮೆಯಾದರೂ ಕೇಳುವ ಪ್ರಶ್ನೆಯೊಂದಿದೆ: ಗಳಗನಾಥರಿಗೆ ಆಪಟೆಯವರಿದ್ದರು, ಆಪಟೆಯವರಿಗೆ ಯಾರಿದ್ದರು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಆಪಟೆಯವರ ಬದುಕು ಒಬ್ಬ ಪ್ರತಿಭಾವಂತನ ಏಕಾಂತ ಸಾಧನೆಯಾಗಿ ತೋರುವುದಿಲ್ಲ. ಬಳಗವೊಂದರ ನಡುವೆ ಬೆಳೆದ ಲೇಖಕನೊಬ್ಬನ ಕಥೆಯಾಗಿ ತೋರುತ್ತದೆ. ಅವರ ಮೊದಲ ಐತಿಹಾಸಿಕ ಕಾದಂಬರಿಯ ವಸ್ತು ನಮ್ಮ ಮೈಸೂರು. ಕೊನೆಯ ದೊಡ್ಡ ಐತಿಹಾಸಿಕ ಕಾದಂಬರಿಯ ವಸ್ತು ನಮ್ಮ ವಿಜಯನಗರ. ಈ ಎರಡು ಕೃತಿಗಳ ನಡುವಿನ ಕಾಲು ಶತಮಾನದಲ್ಲಿ ಅವರು ಎರವಲಿನಿಂದ ಸ್ವಂತಿಕೆಗೆ ನಡೆದರು. ಆ ನಡಿಗೆಯಲ್ಲಿ ಜೊತೆಯ ಲೇಖಕರು ನೀಡಿದ ಆಸರೆ ಎಂಥದು, ಆಸರೆ ಇಲ್ಲದೆಡೆ ಆದದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಹರಿ ನಾರಾಯಣ ಆಪಟೆಯವರು ಹುಟ್ಟಿದ್ದು 1864ರ ಮಾರ್ಚ್ 8ರಂದು, ಖಾನದೇಶದ ಪಾರೋಳೆಯಲ್ಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕ ಅವಿಭಕ್ತ ಕುಟುಂಬದ ಆಶ್ರಯದಲ್ಲಿ ಬೆಳೆಯಬೇಕಾಯಿತು. ಬಾಲ್ಯದ ಕೆಲವು ವರ್ಷಗಳು ಮುಂಬಯಿಯಲ್ಲಿ ಕಳೆದವು. 1878ರಲ್ಲಿ ಕುಟುಂಬ ಪುಣೆಗೆ ಬಂದ ಮೇಲೆ ಆ ಊರೇ ಅವರ ಕರ್ಮಭೂಮಿಯಾಯಿತು. ಚಿಕ್ಕಪ್ಪ ಮಹಾದೇವ ಚಿಮಣಾಜಿ ಆಪಟೆಯವರು ಹೆಸರಾಂತ ವಕೀಲರು, ಸಂಸ್ಕೃತ ವಿದ್ಯೆಯಲ್ಲಿ ಆಸ್ಥೆಯುಳ್ಳವರು. ಹರಿಭಾವು ಎಂದೇ ಮುಂದೆ ಮಹಾರಾಷ್ಟ್ರಕ್ಕೆಲ್ಲ ಪರಿಚಿತರಾದ ಈ ಹುಡುಗನ ಓದಿಗೆ ಬೇಕಾದ ಅನುಕೂಲವೆಲ್ಲ ಅವರಿಂದ ಒದಗಿತು.

ಪುಣೆ ಆಗ ಕುದಿಯುತ್ತಿದ್ದ ಊರು. ವಿಷ್ಣುಶಾಸ್ತ್ರಿ ಚಿಪಳೂಣಕರರು 1874ರಲ್ಲಿ ಆರಂಭಿಸಿದ ನಿಬಂಧಮಾಲೆ ಮರಾಠಿ ಗದ್ಯಕ್ಕೆ ಹೊಸ ಕಸುವನ್ನು ತಂದಿತ್ತು. 1880ರ ಜನವರಿಯಲ್ಲಿ ಚಿಪಳೂಣಕರ, ಟಿಳಕ, ಆಗರಕರ ಮೊದಲಾದವರು ಸೇರಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಹರಿಭಾವು ಈ ಶಾಲೆಯ ವಿದ್ಯಾರ್ಥಿಯಾದರು. 1882ರಲ್ಲಿ ಚಿಪಳೂಣಕರರು ಅಕಾಲ ಮರಣಕ್ಕೆ ತುತ್ತಾದಾಗ ಈ ವಿದ್ಯಾರ್ಥಿ ಗುರುವನ್ನು ನೆನೆದು ಶೋಕಕವಿತೆಯೊಂದನ್ನು ಬರೆದರು. ಅವರ ಬರವಣಿಗೆ ಜನರ ಕಣ್ಣಿಗೆ ಬಿದ್ದದ್ದು ಅಲ್ಲಿಂದ.

ಅದರ ಮರುವರ್ಷ ನಡೆದ ಸಂಗತಿ ಇನ್ನೂ ಮಹತ್ವದ್ದು. ಗೋಪಾಳ ಗಣೇಶ ಆಗರಕರರು ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕವನ್ನು ವಿಕಾರವಿಲಸಿತವೆಂಬ ಹೆಸರಿನಿಂದ ಮರಾಠಿಗೆ ತಂದರು. ಇಪ್ಪತ್ತರ ಗಡಿಯನ್ನೂ ಮುಟ್ಟದ ಹರಿಭಾವು ಅದರ ಮೇಲೆ ದೀರ್ಘವಾದ ವಿಮರ್ಶೆಯೊಂದನ್ನು ಪ್ರಕಟಿಸಿದರು. ಗುರುವಿನ ಕೃತಿಯನ್ನು ಶಿಷ್ಯನೇ ಬಹಿರಂಗವಾಗಿ ತೂಗಿ ನೋಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಅದರಿಂದ ಅವರಿಬ್ಬರ ನಂಟು ಕೆಡಲಿಲ್ಲ, ಗಟ್ಟಿಯಾಯಿತು. ಸಾಹಿತ್ಯದಲ್ಲಿ ಬೆಂಬಲವೆಂದರೆ ಬೆನ್ನು ತಟ್ಟುವುದು ಮಾತ್ರವಲ್ಲ, ಕಿರಿಯನ ತಿದ್ದುಪಡಿಯನ್ನು ಹಿರಿಯನು ಸಹಿಸಿಕೊಳ್ಳುವುದೂ ಬೆಂಬಲವೇ ಎಂಬುದಕ್ಕೆ ಇದು ನಿದರ್ಶನ. ಸಮಾಜ ಸುಧಾರಣೆಯ ವಿಚಾರದಲ್ಲಿ ಹರಿಭಾವು ಕೊನೆಯವರೆಗೂ ಆಗರಕರರ ದಾರಿಗೆ ಹತ್ತಿರವಾಗಿಯೇ ನಡೆದರು.

ಡೆಕ್ಕನ್ ಕಾಲೇಜು ಮತ್ತು ಫರ್ಗ್ಯುಸನ್ ಕಾಲೇಜುಗಳಲ್ಲಿ ಓದಿದರೂ ಅವರಿಗೆ ಪದವಿ ದಕ್ಕಲಿಲ್ಲ. ಗಣಿತ ಅವರಿಗೆ ಒಲಿಯಲಿಲ್ಲ. ಇಂಗ್ಲಿಷ್ ಕಾದಂಬರಿಗಳು ಮಾತ್ರ ಬೇಕಾದಷ್ಟು ಒಲಿದವು. ಸ್ಕಾಟ್, ಡಿಕನ್ಸ್, ರೆನಾಲ್ಡ್ಸ್ ಮೊದಲಾದವರನ್ನು ಅವರು ತಣಿಯದ ಹಸಿವಿನಿಂದ ಓದಿದರು. 1885ರಲ್ಲಿ ಪುಣೆ ವೈಭವ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಮಧಲೀ ಸ್ಥಿತಿ ಅವರ ಮೊದಲ ಕಾದಂಬರಿ. ರೆನಾಲ್ಡ್ಸನ ಕೃತಿಯೊಂದನ್ನು ಆಧರಿಸಿ ಹೊರಟ ಆ ಬರವಣಿಗೆ ಬೆಳೆಯುತ್ತ ಹೋದಂತೆ ಪುಣೆಯ ಮಧ್ಯಮವರ್ಗದ ಚಿತ್ರವಾಯಿತು. ಎರವಲು ಪಡೆದ ಚೌಕಟ್ಟಿನೊಳಗೆ ಸ್ವಂತದ ಬದುಕು ನುಸುಳಿಕೊಳ್ಳುವ ಈ ಬಗೆ ಅವರ ಮುಂದಿನ ಸಾಧನೆಗೆ ಬೀಜರೂಪದಲ್ಲಿದೆ.

3

ಈ ಹಂತದಲ್ಲಿ ಹರಿಭಾವು ಅವರಿಗೆ ದೊರೆತ ಸ್ನೇಹಗಳಲ್ಲಿ ಕಾನಿಟಕರ ದಂಪತಿಗಳ ಸ್ನೇಹ ಎಲ್ಲಕ್ಕಿಂತ ಫಲಕಾರಿಯಾದದ್ದು. ಗೋವಿಂದ ವಾಸುದೇವ ಕಾನಿಟಕರರು ನ್ಯಾಯಾಂಗದಲ್ಲಿ ಅಧಿಕಾರಿಯಾಗಿದ್ದವರು, ಕವಿ, ಅನುವಾದಕ. ಅವರ ಪತ್ನಿ ಕಾಶೀಬಾಯಿ ಕಾನಿಟಕರರು 1861ರಲ್ಲಿ ಹುಟ್ಟಿದವರು. ಒಂಬತ್ತರ ಹರೆಯದಲ್ಲಿ ಮದುವೆಯಾಗಿ ಬಂದಾಗ ಅಕ್ಷರ ಬಲ್ಲವರಾಗಿರಲಿಲ್ಲ. ಹೆಣ್ಣುಮಗಳೊಬ್ಬಳು ಪುಸ್ತಕ ಹಿಡಿಯುವುದನ್ನು ಮನೆಯ ಹಿರಿಯರು ಸಹಿಸದಿದ್ದ ಕಾಲದಲ್ಲಿ ಕದ್ದುಮುಚ್ಚಿ ಓದು ಕಲಿತರು. ಅನಂತರ ಕಥೆ, ಕಾದಂಬರಿ, ಜೀವನಚರಿತ್ರೆಗಳನ್ನು ಬರೆದು ಆಧುನಿಕ ಮರಾಠಿಯ ಮೊದಲ ಪ್ರಮುಖ ಲೇಖಕಿಯೆಂಬ ಸ್ಥಾನಕ್ಕೆ ಏರಿದರು. ವೈದ್ಯವಿದ್ಯೆಯನ್ನು ಕಲಿಯಲು ಅಮೆರಿಕೆಗೆ ಹೋದ ಆನಂದೀಬಾಯಿ ಜೋಶಿಯವರ ಚರಿತ್ರೆಯನ್ನು ಬರೆದವರೂ ಅವರೇ.

ಹರಿಭಾವು ಮತ್ತು ಕಾಶೀಬಾಯಿಯವರ ನಡುವಿನ ಸಾಹಿತ್ಯಸ್ನೇಹ ಹತ್ತೊಂಬತ್ತನೆಯ ಶತಮಾನದ ಭಾರತೀಯ ಸಾಹಿತ್ಯದಲ್ಲಿ ಅಪರೂಪದ್ದು. ಮನೆಯವರಲ್ಲದ ಗಂಡು ಹೆಣ್ಣು ಎದುರುಬದುರು ಕುಳಿತು ಮಾತಾಡುವುದೇ ಅನುಚಿತವೆನಿಸಿದ್ದ ಸಮಾಜದಲ್ಲಿ ಇವರಿಬ್ಬರು ತಮ್ಮ ಬರವಣಿಗೆಯನ್ನು ಪರಸ್ಪರ ತೋರಿಸಿಕೊಂಡರು, ಚರ್ಚಿಸಿದರು, ಪತ್ರಗಳ ಮೂಲಕ ವರ್ಷಗಟ್ಟಲೆ ವಿಚಾರವಿನಿಮಯ ನಡೆಸಿದರು. ಹರಿಭಾವು ಬರೆದ ಪತ್ರಗಳು ಅವರ ನಿಧನಾನಂತರ ಗ್ರಂಥರೂಪದಲ್ಲಿಯೂ ಬಂದವು. ಕಾಶೀಬಾಯಿಯವರ ಬರವಣಿಗೆಗೆ ಹರಿಭಾವು ಒತ್ತಾಸೆಯಾದರೆ, ಹೆಂಗಸರ ಒಳಮನೆಯ ಬದುಕನ್ನು ಹರಿಭಾವು ಅರಿಯುವುದಕ್ಕೆ ಕಾಶೀಬಾಯಿಯವರು ಬಾಗಿಲಾದರು. ಇಲ್ಲಿ ಯಾರು ಗುರು, ಯಾರು ಶಿಷ್ಯ ಎಂದು ವಿಂಗಡಿಸುವುದು ಕಷ್ಟ.

1888ರಲ್ಲಿ ಚಿಕ್ಕಪ್ಪ ಮಹಾದೇವರಾಯರು ಪುಣೆಯಲ್ಲಿ ಆನಂದಾಶ್ರಮವೆಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಕೃತದ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಶೋಧಿಸಿ, ಮುದ್ರಿಸುವುದು ಅದರ ಕೆಲಸ. ಹರಿಭಾವು ಅದರ ವ್ಯವಸ್ಥಾಪಕರಾದರು. ಬದುಕಿನ ಕೊನೆಯವರೆಗೂ ಆ ಹೊಣೆಯನ್ನು ಹೊತ್ತರು. ಕಾದಂಬರಿಕಾರನಿಗೆ ಇದರಿಂದ ಮೂರು ಅನುಕೂಲಗಳಾದವು. ಹೊಟ್ಟೆಪಾಡಿನ ಚಿಂತೆ ತಪ್ಪಿತು. ಮುದ್ರಣದ ಒಳಹೊರಗು ತಿಳಿಯಿತು. ಹಳೆಯ ದಾಖಲೆಯೊಂದನ್ನು ಹೇಗೆ ಓದಬೇಕು, ಎರಡು ಪ್ರತಿಗಳು ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು ಎಂಬ ಪಂಡಿತರ ಶಿಸ್ತು ದಿನನಿತ್ಯ ಕಣ್ಣ ಮುಂದೆ ನಡೆಯುತ್ತಿತ್ತು.

4

1890ರಲ್ಲಿ ಹರಿಭಾವು ಕರಮಣೂಕ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಕರಮಣೂಕವೆಂದರೆ ಮನರಂಜನೆ. ರಂಜನೆಯ ಮೂಲಕವೇ ಬೋಧನೆ ಎಂಬ ಉದ್ದೇಶದಿಂದ ಹೊರಟ ಈ ಪತ್ರಿಕೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕು ನಡೆಯಿತು. ಅವರ ಪ್ರಮುಖ ಕಾದಂಬರಿಗಳಲ್ಲಿ ಹೆಚ್ಚಿನವು ಇದರಲ್ಲಿ ವಾರವಾರವೂ ಬಿಡಿಬಿಡಿಯಾಗಿ ಪ್ರಕಟವಾದವು.

ಈ ಪತ್ರಿಕೆಯ ಮೊದಲ ವರ್ಷದಲ್ಲಿಯೇ ಕಾದಂಬರಿಯ ಅಭ್ಯಾಸಿಗಳು ತಪ್ಪದೆ ಗಮನಿಸಬೇಕಾದ ಒಂದು ಸಂಗತಿಯಿದೆ. ಅದೇ ಕಾಲದಲ್ಲಿ ಹರಿಭಾವು ಎರಡು ಕಾದಂಬರಿಗಳನ್ನು ಕೈಗೆತ್ತಿಕೊಂಡಿದ್ದರು. ಒಂದು, ಪಣ ಲಕ್ಷಾತ ಕೋಣ ಘೇತೋ. 1890ರಿಂದ 1893ರವರೆಗೆ ಬಂದ ಈ ಕೃತಿ ಯಮು ಎಂಬ ಬ್ರಾಹ್ಮಣ ಹೆಣ್ಣುಮಗಳ ಆತ್ಮಕಥೆಯ ರೂಪದಲ್ಲಿದೆ. ಬಾಲ್ಯವಿವಾಹ, ಅತ್ತೆಮನೆಯ ಬವಣೆ, ವೈಧವ್ಯ, ಕೇಶವಪನದ ಕ್ರೌರ್ಯ ಇವೆಲ್ಲವನ್ನೂ ಹೆಣ್ಣಿನ ಬಾಯಿಂದಲೇ ಹೇಳಿಸುವ ಈ ಕಾದಂಬರಿ ಮರಾಠಿಯ ಶ್ರೇಷ್ಠ ಕೃತಿಗಳಲ್ಲೊಂದು. ಇನ್ನೊಂದು, 1890–91ರಲ್ಲಿ ಬಂದ ಮ್ಹೈಸೂರಚಾ ವಾಘ, ಅಂದರೆ ಮೈಸೂರಿನ ಹುಲಿ. ಟಿಪ್ಪು ಸುಲ್ತಾನನ ಕಾಲದ ಕಥೆಯುಳ್ಳ ಇದು ಅವರ ಮೊದಲ ಐತಿಹಾಸಿಕ ಕಾದಂಬರಿ. ಇದು ಸ್ವತಂತ್ರ ಕೃತಿಯಲ್ಲ; ಕರ್ನಲ್ ಮೆಡೋಸ್ ಟೇಲರನು 1840ರಲ್ಲಿ ಪ್ರಕಟಿಸಿದ ಟಿಪ್ಪೂ ಸುಲ್ತಾನ್ ಎಂಬ ಇಂಗ್ಲಿಷ್ ಕಾದಂಬರಿಯ ರೂಪಾಂತರ.

ಟೇಲರ್ ನಮಗೆ ಅಪರಿಚಿತನಲ್ಲ. ನಿಜಾಮನ ಸೇವೆಯಲ್ಲಿದ್ದ ಈ ಅಧಿಕಾರಿ 1840ರ ದಶಕದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಸುರಪುರದಲ್ಲಿ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದಲೇ ಪ್ರಸಿದ್ಧ. ಠಕ್ಕರ ಬಗೆಗೆ ಬರೆದ ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ಖ್ಯಾತಿ ತಂದಿತ್ತು. ಟಿಪ್ಪುವಿನ ಕಾದಂಬರಿಯಲ್ಲಿ ಅವನು ಅನುಸರಿಸಿದ್ದು ಸ್ಕಾಟನ ಮಾದರಿಯನ್ನು. ಕಾಸಿಮ್ ಅಲಿಯೆಂಬ ಕಲ್ಪಿತ ತರುಣ ಅಲ್ಲಿನ ನಾಯಕ. ಚಾರಿತ್ರಿಕ ಪುರುಷನಾದ ಟಿಪ್ಪು ಅವನ ಕಣ್ಣಿಗೆ, ಅವನ ಅನುಭವಕ್ಕೆ ಎದುರಾಗುತ್ತಾನೆ. ಭಾರತದಲ್ಲಿ ದೀರ್ಘಕಾಲ ಬಾಳಿದವನಾದ್ದರಿಂದ ಇಲ್ಲಿನ ಜನಜೀವನದ ವಿವರಗಳು ಟೇಲರನಿಗೆ ಚೆನ್ನಾಗಿ ಗೊತ್ತಿದ್ದವು. ಆದರೆ ಟಿಪ್ಪುವನ್ನು ಅವನು ನೋಡಿದ್ದು ಶ್ರೀರಂಗಪಟ್ಟಣವನ್ನು ಗೆದ್ದವರ ಕಡೆಯಿಂದ. 1799ರ ವಿಜಯವನ್ನು ನ್ಯಾಯವೆಂದು ತಿಳಿದವನ ದೃಷ್ಟಿ ಅದು.

ಒಂದೇ ಲೇಖಣಿ, ಒಂದೇ ಪತ್ರಿಕೆ, ಒಂದೇ ವರ್ಷ. ಒಂದು ಕಾದಂಬರಿ ಸಂಪೂರ್ಣ ಸ್ವಂತ, ಇನ್ನೊಂದು ಸಂಪೂರ್ಣ ಎರವಲು. ಇದನ್ನು ಲೇಖಕನ ಅಪಕ್ವತೆಯೆಂದು ಹೇಳಿ ತಳ್ಳಿಹಾಕುವಂತಿಲ್ಲ. ಯಮುವನ್ನು ಸೃಷ್ಟಿಸಿದವನು ಅಪಕ್ವನಾಗಿರಲು ಸಾಧ್ಯವಿಲ್ಲ. ನನಗೆ ತೋರುವ ಕಾರಣ ಬೇರೆ. ಸಾಮಾಜಿಕ ಕಾದಂಬರಿಯನ್ನು ಬರೆಯಲು ಕುಳಿತಾಗ ಹರಿಭಾವು ಅವರ ಸುತ್ತ ಬಳಗವಿತ್ತು. ಆಗರಕರರ ವಿಚಾರವಿತ್ತು, ಕಾಶೀಬಾಯಿಯವರ ಅನುಭವವಿತ್ತು, ಅವಿಭಕ್ತ ಕುಟುಂಬದ ಹೆಂಗಸರ ಮಾತು ಕಿವಿಯಲ್ಲಿತ್ತು. ಮೈಸೂರಿನ ಇತಿಹಾಸವನ್ನು ಬರೆಯಲು ಕುಳಿತಾಗ ಅವರ ಮೇಜಿನ ಮೇಲೆ ಇದ್ದದ್ದು ಇಂಗ್ಲಿಷರವನೊಬ್ಬನ ಪುಸ್ತಕ. ಕನ್ನಡ ಬಲ್ಲವರ, ಶ್ರೀರಂಗಪಟ್ಟಣವನ್ನು ಒಳಗಿನಿಂದ ಬಲ್ಲವರ ನೆರವು ಆ ರೂಪಾಂತರದಲ್ಲಿ ಕಾಣುವುದಿಲ್ಲ. ಆದ್ದರಿಂದ ಕಥೆಯ ಚೌಕಟ್ಟೂ ನೋಡುವ ಕೋನವೂ ಮೂಲದಿಂದಲೇ ಬರಬೇಕಾಯಿತು. ಭಾಷೆ ಮಾತ್ರ ಮರಾಠಿಯಾಯಿತು.

5

ಹರಿಭಾವು ಈ ಕೊರತೆಯನ್ನು ಅರಿಯದವರಾಗಿರಲಿಲ್ಲವೆಂಬುದಕ್ಕೆ ಅವರ ಮುಂದಿನ ಹೆಜ್ಜೆಯೇ ಸಾಕ್ಷಿ. ಮೈಸೂರಿನ ಹುಲಿಯ ತರುವಾಯ ನಾಲ್ಕು ವರ್ಷಗಳ ಕಾಲ ಅವರು ಮತ್ತೊಂದು ಐತಿಹಾಸಿಕ ಕಾದಂಬರಿಗೆ ಕೈಹಾಕಲಿಲ್ಲ. ಪಣ ಲಕ್ಷಾತ ಮುಗಿಯಿತು, 1893ರಿಂದ 1895ರವರೆಗೆ ಮೀ ಎಂಬ ಸಾಮಾಜಿಕ ಕಾದಂಬರಿ ಬಂದಿತು. 1895ರಲ್ಲಿ ಅವರು ಉಷಃಕಾಲವನ್ನು ಆರಂಭಿಸಿದರು. ತಾರೀಖಿನ ದೃಷ್ಟಿಯಿಂದ ಇದು ಎರಡನೆಯದು; ಅವರ ಸ್ವಂತವೆನ್ನಬಹುದಾದ ಮೊದಲ ಐತಿಹಾಸಿಕ ಕಾದಂಬರಿ ಇದೇ.

ಇದನ್ನು ಬರೆಯುವಾಗ ಅವರು ಒಂಟಿಯಾಗಿರಲಿಲ್ಲ. ಮರಾಠಿಯಲ್ಲಿ ಐತಿಹಾಸಿಕ ಕಾದಂಬರಿಯ ದಾರಿಯನ್ನು ಮೊದಲು ತುಳಿದವರು ರಾಮಚಂದ್ರ ಭಿಕಾಜಿ ಗುಂಜೀಕರರು. ಅವರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಸೀಮೆಯ ಜಾಂಬೋಟಿಯಲ್ಲಿ ಎಂಬುದು ನಮಗೆ ಕುತೂಹಲದ ಸಂಗತಿ. ವಿವಿಧಜ್ಞಾನವಿಸ್ತಾರ ಪತ್ರಿಕೆಯ ಸಂಪಾದಕರಾಗಿ ಅದರಲ್ಲಿಯೇ ಅವರು ಪ್ರಕಟಿಸಿದ ಮೋಚನಗಡ 1871ರ ಹೊತ್ತಿಗೆ ಪೂರ್ಣಗೊಂಡಿತು. ಅದ್ಭುತ ರಮ್ಯ ಕಥೆಗಳಲ್ಲಿ ಮುಳುಗಿದ್ದ ಮರಾಠಿ ಓದುಗರಿಗೆ ಶಿವಾಜಿಯ ಕಾಲದ ಕೋಟೆಯೊಂದರ ಕಥೆಯನ್ನು ಹೇಳಿ, ಇತಿಹಾಸವೂ ಕಾದಂಬರಿಯ ವಸ್ತುವಾಗಬಲ್ಲದೆಂದು ತೋರಿಸಿದವರು ಅವರು.

ಇನ್ನೊಂದು ಕಡೆಯಿಂದ ಇತಿಹಾಸ ಸಂಶೋಧಕರ ನೆರವು ಒದಗಿತು. ಗ್ರ್ಯಾಂಟ್ ಡಫ್ 1826ರಲ್ಲಿ ಇಂಗ್ಲಿಷಿನಲ್ಲಿ ಬರೆದ ಮರಾಠರ ಇತಿಹಾಸವೇ ಬಹುಕಾಲ ಏಕಮಾತ್ರ ಆಕರವಾಗಿತ್ತು. ನೀಲಕಂಠ ಜನಾರ್ದನ ಕೀರ್ತನೆಯವರು 1867ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅದರ ದೋಷಗಳನ್ನು ಎತ್ತಿ ತೋರಿಸಿ ಹೊಸ ಎಚ್ಚರವನ್ನು ಮೂಡಿಸಿದರು. 1878ರಲ್ಲಿ ಕಾಶೀನಾಥ ನಾರಾಯಣ ಸಾನೆ, ಜನಾರ್ದನ ಬಾಳಾಜಿ ಮೋಡಕ ಮೊದಲಾದವರು ಕಾವ್ಯೇತಿಹಾಸ ಸಂಗ್ರಹವೆಂಬ ಮಾಸಪತ್ರಿಕೆಯನ್ನು ಪುಣೆಯಲ್ಲಿ ಹೊರಡಿಸಿ, ಮನೆಮನೆಗಳ ಪೆಟ್ಟಿಗೆಗಳಲ್ಲಿ ಕೊಳೆಯುತ್ತಿದ್ದ ಬಖರುಗಳನ್ನೂ ಕಾಗದಪತ್ರಗಳನ್ನೂ ಅಚ್ಚು ಹಾಕಿಸಿದರು. ಹತ್ತು ವರ್ಷಗಳಷ್ಟು ಕಾಲ ನಡೆದ ಈ ಕೆಲಸದಿಂದ ಕಾದಂಬರಿಕಾರನಿಗೆ ಬೇಕಾದ ಸಾಮಗ್ರಿ ಮೊದಲ ಬಾರಿಗೆ ತನ್ನ ನುಡಿಯಲ್ಲಿಯೇ ಕೈಗೆ ಸಿಗುವಂತಾಯಿತು. ಗಡದ ಕಾವಲು ಹೇಗಿತ್ತು, ಕಿಲ್ಲೇದಾರನ ಅಧಿಕಾರವೆಷ್ಟು, ಯಾರು ಯಾರಿಗೆ ಹೇಗೆ ಪತ್ರ ಬರೆಯುತ್ತಿದ್ದರು ಎಂಬಂಥ ವಿವರಗಳನ್ನು ಡಫ್‌ನ ಗ್ರಂಥದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಬಖರುಗಳಲ್ಲಿ ಸಿಕ್ಕುತ್ತವೆ.

ಕಾಲವೂ ಅನುಕೂಲವಾಗಿತ್ತು. ರಾಯಗಡದಲ್ಲಿ ಪಾಳುಬಿದ್ದಿದ್ದ ಶಿವಾಜಿಯ ಸಮಾಧಿಯ ಜೀರ್ಣೋದ್ಧಾರಕ್ಕಾಗಿ ಟಿಳಕರು 1895ರಲ್ಲಿ ಚಳವಳಿ ಹೂಡಿದ್ದರು. ಉಷಃಕಾಲದ ಕಂತುಗಳು ಓದುಗರನ್ನು ತಲುಪಿದ್ದು ಈ ಉತ್ಸಾಹದ ನಡುವೆ. ಆದರೆ ಅದೇ ಎರಡು ಮೂರು ವರ್ಷಗಳಲ್ಲಿ ಹರಿಭಾವು ಅವರ ಬಳಗ ಬರಿದಾಗುತ್ತ ಬಂದಿತು. 1894ರಲ್ಲಿ ಚಿಕ್ಕಪ್ಪ ತೀರಿಕೊಂಡರು. 1895ರ ಜೂನಿನಲ್ಲಿ ಆಗರಕರರು ಮೂವತ್ತೊಂಬತ್ತರ ವಯಸ್ಸಿನೊಳಗೇ ಕಣ್ಮರೆಯಾದರು. 1897ರಲ್ಲಿ ಪುಣೆಯನ್ನು ಪ್ಲೇಗು ಮುತ್ತಿತು. ಇಷ್ಟರ ನಡುವೆಯೂ ವಾರದ ಕಂತು ಮುಂದುವರಿಯಿತು.

ಉಷಃಕಾಲದಲ್ಲಿ ಶಿವಾಜಿ ಕೇಂದ್ರಪಾತ್ರವಾಗಿ ಎದ್ದು ನಿಲ್ಲುವುದಿಲ್ಲ. ಸುಲ್ತಾನಗಡದ ಕಿಲ್ಲೇದಾರ ರಂಗರಾವ ಅಪ್ಪಾ ಮತ್ತು ಅವನ ಮಗ ನಾನಾಸಾಹೇಬ ಇಲ್ಲಿ ಮುಖ್ಯರು. ತಂದೆ ಬಿಜಾಪುರದ ಆದಿಲಶಾಹಿಯ ಅನ್ನ ಉಂಡವನು. ಉಂಡ ಮನೆಗೆ ಎರಡು ಬಗೆಯಲಾರದವನು. ಮಗನ ಮನಸ್ಸು ಸಹ್ಯಾದ್ರಿಯ ಕಣಿವೆಗಳಲ್ಲಿ ಮೂಡುತ್ತಿರುವ ಹೊಸ ಶಕ್ತಿಯ ಕಡೆಗೆ ವಾಲುತ್ತದೆ. ರಾಜ್ಯಗಳ ಘರ್ಷಣೆಯನ್ನು ಒಂದು ಮನೆಯೊಳಗಿನ ತಂದೆ ಮಕ್ಕಳ ಘರ್ಷಣೆಯಾಗಿ ಕಾಣಿಸಿದ್ದು ಇಲ್ಲಿನ ವಿಶೇಷ. ಕಲ್ಪಿತ ಪಾತ್ರಗಳನ್ನು ಮುಂದಿಟ್ಟು ಇತಿಹಾಸಪುರುಷನನ್ನು ಹಿನ್ನೆಲೆಯಲ್ಲಿರಿಸುವ ತಂತ್ರ ಸ್ಕಾಟನಿಂದಲೂ ಟೇಲರನಿಂದಲೂ ಬಂದದ್ದು ನಿಜ. ಆದರೆ ಆ ಮನೆ, ಅಲ್ಲಿನ ಮೌನ, ಹಿರಿಯನ ಮಾತಿಗೆ ಎದುರಾಡಲಾರದ ಕಿರಿಯನ ಸಂಕಟ, ಇವು ಪಣ ಲಕ್ಷಾತ ಬರೆದವನ ಗಳಿಕೆ. ಸಾಮಾಜಿಕ ಕಾದಂಬರಿಯಲ್ಲಿ ಬಳಗದಿಂದ ಕಲಿತ ಪಾಠವನ್ನು ಹರಿಭಾವು ಇತಿಹಾಸಕ್ಕೆ ಅನ್ವಯಿಸಿದರು. ತಂದೆಯ ಸ್ವಾಮಿನಿಷ್ಠೆಯನ್ನು ಅವರು ಗೌರವದಿಂದಲೇ ಚಿತ್ರಿಸಿದ್ದರಿಂದ ಓದುಗನ ಸಹಾನುಭೂತಿ ಎರಡೂ ಕಡೆಗೆ ಹರಿಯುತ್ತದೆ.

6

ಅನಂತರದ ಎರಡು ದಶಕಗಳಲ್ಲಿ ಅವರ ಐತಿಹಾಸಿಕ ಕಾದಂಬರಿಗಳು ಸಾಲಾಗಿ ಬಂದವು. ಚಂದ್ರಗುಪ್ತ, ತಾನಾಜಿಯ ಸಿಂಹಗಡ ವಿಜಯದ ಕಥೆಯಾದ ಗಡ ಆಲಾ ಪಣ ಸಿಂಹ ಗೇಲಾ, ಸೂರ್ಯೋದಯ, ಸೂರ್ಯಗ್ರಹಣ ಇವು ಅವುಗಳಲ್ಲಿ ಕೆಲವು. ಸಾರ್ವಜನಿಕ ಜೀವನದಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ಪುಣೆಯ ನಗರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ ದುಡಿದರು. 1912ರಲ್ಲಿ ಅಕೋಲೆಯಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಪದವಿಯಿಲ್ಲದ ಈ ವಿದ್ವಾಂಸರನ್ನು ಮುಂಬಯಿ ವಿಶ್ವವಿದ್ಯಾಲಯ 1915ರಲ್ಲಿ ವಿಲ್ಸನ್ ಭಾಷಾಶಾಸ್ತ್ರ ಉಪನ್ಯಾಸಗಳಿಗೆ ಆಹ್ವಾನಿಸಿತು. ಮರಾಠಿ ಭಾಷೆಯ ಮೂಲ ಮತ್ತು ವಿಕಾಸ ಆ ಉಪನ್ಯಾಸಗಳ ವಿಷಯ.

1913ರಿಂದ 1915ರವರೆಗೆ ಬಂದ ವಜ್ರಾಘಾತ ಅವರ ಐತಿಹಾಸಿಕ ಕಾದಂಬರಿಗಳಲ್ಲಿ ಕೊನೆಯದು. ಹಲವರು ಇದನ್ನೇ ಅತ್ಯುತ್ತಮವೆಂದು ಪರಿಗಣಿಸುತ್ತಾರೆ. ವಿಜಯನಗರದ ಪತನ ಇದರ ವಸ್ತು. ರಾಬರ್ಟ್ ಸ್ಯೂವೆಲ್‌ನ ಗ್ರಂಥ 1900ರಲ್ಲಿ ಪ್ರಕಟವಾಗಿ ಮರೆತುಹೋದ ಸಾಮ್ರಾಜ್ಯವನ್ನು ಮತ್ತೆ ವಿದ್ವಾಂಸರ ಎದುರಿಗಿಟ್ಟಿತ್ತು. ಹರಿಭಾವು ಆ ಪತನವನ್ನು ರಾಮರಾಯನ ಬಾಳಿನ ದುರಂತವಾಗಿ ಕಂಡರು. ಯೌವನದಲ್ಲಿ ರಾಮರಾಯನು ಮೆಹರ್ಜಾನಳೆಂಬ ಮುಸಲ್ಮಾನ ಹೆಣ್ಣನ್ನು ಪ್ರೀತಿಸಿ ಕೈಬಿಡುತ್ತಾನೆ. ಅವರ ಮಗ ರಣಮಸ್ತಖಾನನು ತಂದೆ ಯಾರೆಂದು ತಿಳಿಯದೆ ಬಿಜಾಪುರದ ಪಕ್ಷದಲ್ಲಿ ಬೆಳೆದು, ಆ ತಂದೆಯ ನಾಶಕ್ಕೇ ಕಾರಣನಾಗುತ್ತಾನೆ. 1565ರ ಜನವರಿಯಲ್ಲಿ ನಡೆದ ರಕ್ಕಸ ತಂಗಡಿಯ ಕಾಳಗ ಕಾದಂಬರಿಯ ಕೊನೆಯಲ್ಲಿ ತಂದೆ ಮಕ್ಕಳ ಕಾಳಗವೂ ಆಗುತ್ತದೆ. ಉಷಃಕಾಲದ ಸೂತ್ರವೇ ಇಲ್ಲಿ ಮತ್ತೆ ಮೂಡಿದೆ. ಆದರೆ ಅಲ್ಲಿದ್ದ ಬೆಳಗಿನ ಬೆಳಕು ಇಲ್ಲಿಲ್ಲ.

ಚರಿತ್ರೆಯ ದೃಷ್ಟಿಯಿಂದ ಈ ಕಾದಂಬರಿಗೆ ಆಕ್ಷೇಪಗಳಿವೆ, ಅವುಗಳನ್ನು ಮರೆಮಾಚಬೇಕಾಗಿಲ್ಲ. ದಖ್ಖನದ ಸುಲ್ತಾನರ ಒಳಜಗಳಗಳಲ್ಲಿ ರಾಮರಾಯನು ದಶಕಗಳ ಕಾಲ ಕೈಯಾಡಿಸಿದ್ದು, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ್ದು, ಕೊನೆಗೆ ಅವರೆಲ್ಲ ಒಂದಾಗಿ ಎದ್ದದ್ದು ಪತನಕ್ಕೆ ದಾರಿಮಾಡಿದ ರಾಜಕೀಯ ಸಂಗತಿಗಳು. ಒಬ್ಬ ಹೆಣ್ಣಿಗೆ ಬಗೆದ ದ್ರೋಹದಿಂದ ಸಾಮ್ರಾಜ್ಯವೊಂದು ಕುಸಿಯಿತೆಂಬುದು ಕಾದಂಬರಿಕಾರನ ಸೃಷ್ಟಿ. ಆದರೂ ಆ ಸೃಷ್ಟಿಯ ಹಿಂದೆ ನಿಂತಿರುವುದು ಯಮುವಿನ ಕಥೆಯನ್ನು ಬರೆದ ಮನಸ್ಸೇ. ಗಂಡಸಿನ ಅಧಿಕಾರ ಹೆಣ್ಣಿಗೆ ಮಾಡುವ ಅನ್ಯಾಯಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬ ನಂಬಿಕೆ ಕಾಶೀಬಾಯಿಯವರ ಗೆಳೆಯನಿಗೆ ಸಹಜವಾದದ್ದು. ಅದು ಹಂಪೆಯವರೆಗೂ ಅವರ ಜೊತೆಗೆ ಬಂದಿತು.

1919ರ ಮಾರ್ಚ್ 3ರಂದು, ಐವತ್ತೈದು ತುಂಬಲು ಐದು ದಿನಗಳಿರುವಾಗ, ಹರಿಭಾವು ಪುಣೆಯಲ್ಲಿ ನಿಧನರಾದರು. ಕಾಶೀಬಾಯಿಯವರು ಅವರ ತರುವಾಯವೂ ಸುಮಾರು ಮೂರು ದಶಕ ಬದುಕಿ 1948ರಲ್ಲಿ ತೀರಿಕೊಂಡರು.

7

ಹರಿಭಾವು ಕರಮಣೂಕವನ್ನು ತೆರೆದ 1890ರಲ್ಲಿಯೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಓದುಬರಹ ಬಲ್ಲವರ ಮೇಲೆ ಮರಾಠಿಯ ಪ್ರಭಾವ ಗಾಢವಾಗಿದ್ದ ಕಾಲ ಅದು. ಹಾವೇರಿಯ ಸಮೀಪದ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಹರಿಭಾವು ಅವರಿಗಿಂತ ಐದು ವರ್ಷ ಚಿಕ್ಕವರು. ವೃತ್ತಿಯಿಂದ ಶಾಲಾಶಿಕ್ಷಕರು. ಅವರಿಗೆ ಅಗಡಿಯ ಶೇಷಾಚಲ ಸದ್ಗುರುಗಳ ಆಶ್ರಯ ದೊರೆತು, 1907ರಲ್ಲಿ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಆರಂಭವಾಯಿತು. ಪುಣೆಯಲ್ಲಿ ಆನಂದಾಶ್ರಮ ಮತ್ತು ಕರಮಣೂಕ. ಅಗಡಿಯಲ್ಲಿ ಆನಂದವನ ಮತ್ತು ಸದ್ಬೋಧ ಚಂದ್ರಿಕೆ. ಈ ಸಾಮ್ಯ ಆಕಸ್ಮಿಕವಿರಬಹುದು. ಆದರೆ ಒಂದು ಆಶ್ರಯಸ್ಥಾನ, ಒಂದು ಪತ್ರಿಕೆ, ಮುಂದಿನ ಕಂತಿಗಾಗಿ ಕಾಯುವ ಓದುಗರು, ಈ ಮೂರರ ಮೇಲೆಯೇ ಎರಡೂ ಕಡೆಗಳಲ್ಲಿ ಕಾದಂಬರಿ ಬೇರೂರಿತೆಂಬುದು ಆಕಸ್ಮಿಕವಲ್ಲ.

ಗಳಗನಾಥರು ವಜ್ರಾಘಾತವನ್ನು ಕನ್ನಡಿಗರ ಕರ್ಮಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಹೆಸರಿನ ಈ ಬದಲಾವಣೆಯಲ್ಲಿಯೇ ಅನುವಾದಕನ ಅಂತರಂಗವಿದೆ. ಮರಾಠಿಯ ಓದುಗನಿಗೆ ಅದು ಸಿಡಿಲಿನ ಹೊಡೆತ. ಮೇಲಿನಿಂದ ಬಂದೆರಗಿದ ಆಘಾತ. ಗಳಗನಾಥರಿಗೆ ಅದು ತಮ್ಮವರ ಕರ್ಮ. ತಾವೇ ಮಾಡಿ ತಾವೇ ಉಂಡದ್ದು. ನೆರೆಯ ನುಡಿಯವನೊಬ್ಬ ಹೇಳಿದ ಕಥೆಯಲ್ಲಿ ತಮ್ಮ ನಾಡಿನ ನೋವನ್ನು ಗುರುತಿಸಿ, ಅದನ್ನು ತಮ್ಮದೆಂದು ಒಪ್ಪಿಕೊಂಡವರ ಶೀರ್ಷಿಕೆ ಅದು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಗಳಗನಾಥರು ಮಾರಿದರೆಂಬುದನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆ ಗಂಟಿನೊಳಗೆ ಪುಣೆಯ ಗೆಳೆಯರ ಬಳಗವೊಂದರ ದುಡಿಮೆಯೂ ಇತ್ತೆಂಬುದನ್ನು ಹೇಳಲು ಮಾತ್ರ ಮರೆಯುತ್ತೇವೆ.

ಗಳಗನಾಥರು ಎರವಲಿನಲ್ಲಿಯೇ ನಿಲ್ಲಲಿಲ್ಲ. 1923ರಲ್ಲಿ ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತು ಮಾಧವ ಕರುಣಾವಿಲಾಸವೆಂಬ ಸ್ವತಂತ್ರ ಕಾದಂಬರಿಯನ್ನು ಪ್ರಕಟಿಸಿದರು. ಪತನದ ಕಥೆಯನ್ನು ಪರರಿಂದ ಪಡೆದವರು ಉದಯದ ಕಥೆಯನ್ನು ತಾವೇ ಕಟ್ಟಿದರು. ಅಷ್ಟು ಹೊತ್ತಿಗೆ ಆಲೂರ ವೆಂಕಟರಾಯರ ಕರ್ನಾಟಕ ಗತವೈಭವ ಹೊರಬಂದು ಆರು ವರ್ಷಗಳಾಗಿದ್ದವು. ಕನ್ನಡದಲ್ಲಿಯೂ ಇತಿಹಾಸದ ಬಳಗವೊಂದು ಮೂಡಿತ್ತು. ಮೈಸೂರಿನ ಹುಲಿಯಿಂದ ಉಷಃಕಾಲಕ್ಕೆ ಹರಿಭಾವು ನಡೆದ ದಾರಿಯನ್ನೇ ಕರ್ಮಕಥೆಯಿಂದ ಕರುಣಾವಿಲಾಸಕ್ಕೆ ಗಳಗನಾಥರು ನಡೆದರು.

8

ಇಷ್ಟನ್ನು ಹೇಳಿದ ಮೇಲೆ ನಮ್ಮ ಅಭ್ಯಾಸಕ್ರಮದ ಬಗೆಗೆ ಒಂದು ಮಾತು ಸೇರಿಸಬೇಕೆನಿಸುತ್ತದೆ. ಪ್ರಭಾವವೆಂಬ ಪದವನ್ನು ನಾವು ಸಾಲದ ಲೆಕ್ಕದಂತೆ ಬಳಸುತ್ತೇವೆ. ಯಾರಿಂದ ಯಾರು ಎಷ್ಟು ಪಡೆದರೆಂದು ಬರೆದು, ಪಡೆದವನು ಚಿಕ್ಕವನು, ಕೊಟ್ಟವನು ದೊಡ್ಡವನು ಎಂದು ಷರಾ ಹಾಕುತ್ತೇವೆ. ಈ ಲೆಕ್ಕದ ಭಯದಿಂದಲೇ ಕನ್ನಡದವರು ಆಪಟೆಯವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಮರಾಠಿಯವರು ಗಳಗನಾಥರನ್ನು ಆ ಒಂದು ಸಾಲಿನಲ್ಲಿಯೂ ನೆನೆಯುವುದಿಲ್ಲ. ಹರಿಭಾವು ಅವರ ಬದುಕು ತೋರುವ ಲೆಕ್ಕ ಬೇರೆ. ಟೇಲರನಿಂದ ಕಥೆ, ಸ್ಕಾಟನಿಂದ ತಂತ್ರ, ಗುಂಜೀಕರರಿಂದ ಧೈರ್ಯ, ಸಾನೆ ಮೋಡಕರಿಂದ ಸಾಮಗ್ರಿ, ಆಗರಕರರಿಂದ ವಿಚಾರ, ಕಾಶೀಬಾಯಿಯವರಿಂದ ಒಳಗಣ್ಣು ದೊರೆತವು. ಇವೆಲ್ಲವೂ ಕೂಡಿದ ಮೇಲೆಯೇ ಉಷಃಕಾಲ ಸಾಧ್ಯವಾಯಿತು.

ಪುಣೆಯ ಆನಂದಾಶ್ರಮಕ್ಕೆ ಹಸ್ತಪ್ರತಿಗಳನ್ನು ನೋಡಲು ನಮ್ಮ ಸಂಶೋಧಕ ವಿದ್ಯಾರ್ಥಿಗಳು ಹೋಗುವುದುಂಟು. ಕನ್ನಡದ ಕಾದಂಬರಿಗೂ ಆ ಕಟ್ಟಡಕ್ಕೂ ಒಂದು ನಂಟಿದೆಯೆಂಬುದನ್ನು ತಿಳಿದು ಹೋದರೆ ಒಳ್ಳೆಯದು. ಮೈಸೂರಿನ ಹುಲಿಯನ್ನು ಟೇಲರನ ಪುಸ್ತಕದೊಡನೆ, ವಜ್ರಾಘಾತವನ್ನು ಕನ್ನಡಿಗರ ಕರ್ಮಕಥೆಯೊಡನೆ ಸಾಲುಸಾಲಾಗಿ ಇಟ್ಟು ಓದುವ ಕೆಲಸವನ್ನು ಇಂಗ್ಲಿಷ್, ಮರಾಠಿ, ಕನ್ನಡ ಮೂರನ್ನೂ ಬಲ್ಲವರು ಮಾತ್ರ ಮಾಡಬಲ್ಲರು. ಅಂಥವರು ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಡೆ ಸಿಗಲಾರರು. ಈ ಕೆಲಸ ನಮ್ಮ ಪಾಲಿನದು.